ಆರೂವರೆ ಮೀಟರ್ ಮುಳುಗಿದ ಹಡಗು

ಟೈಲರಮ್ಮನ ಗಂಡನಿಗೆ ಒಂದೇ ಒಂದು ಚಟ. ಕುಡಿತವಲ್ಲ, ಜೂಜಲ್ಲ, ಅಂಥದ್ದಾಗಿದ್ದರೆ ಅವಳು ಎಂದೋ ಬಿಡಿಸಿರುತ್ತಿದ್ದಳು. ಏನು ಕೇಳಿದರೂ "ನೋಡೋಣ" ಅನ್ನುವ ಚಟ. ಗೋಡೆಗೆ ಸುಣ್ಣ ಹೊಡೆಸೋಣವೇ ಅಂದರೆ ನೋಡೋಣ. ಹಲ್ಲು ನೋಯುತ್ತಿದೆಯಲ್ಲ, ಕೀಳಿಸಿಕೊಳ್ಳಿ ಅಂದರೆ ನೋಡೋಣ. ಮದುವೆಯ ಮಾತು ಬಂದಾಗಲೂ ನೋಡೋಣ ಅಂದವನೇ. ಕೊನೆಗೆ ಅವಳೇ ಒಂದು ದಿನ ಗೊತ್ತುಮಾಡಿ, ಅವನ ಅಂಗಿಯನ್ನೂ ತಾನೇ ಹೊಲಿದು, ತೊಡಿಸಿ, ಮದುವೆ ಮುಗಿಸಿದ್ದಳು.

ಅವನು ಹಡಗಿನಲ್ಲಿ ಅಡುಗೆಯವನು. ಸರಕು ತುಂಬಿದ ಕಬ್ಬಿಣದ ಪೆಟ್ಟಿಗೆಗಳನ್ನು ಹೇರಿಕೊಂಡು ಬಂದರಿನಿಂದ ಬಂದರಿಗೆ ತಿರುಗುವ ಕಂಟೇನರ್ ಹಡಗು ಅದು. ಬೀದಿಯವರಿಗೆಲ್ಲ ಅವನು 'ಸೌಟು'. ಚಿಕ್ಕವನಿದ್ದಾಗ ಉಳಿದ ಮಕ್ಕಳು ಚೆಂಡು ಹಿಡಿದುಕೊಂಡು ಓಡಾಡಿದರೆ ಇವನು ಸೌಟು ಹಿಡಿದುಕೊಂಡು ಓಡಾಡುತ್ತಿದ್ದನಂತೆ. ಹೆಂಡತಿಯೊಬ್ಬಳನ್ನು ಬಿಟ್ಟು ಎಲ್ಲರೂ ಹಾಗೇ ಕರೆಯುತ್ತಿದ್ದರು. ಅವಳು ಮಾತ್ರ 'ರೀ' ಅನ್ನುತ್ತಿದ್ದಳು.

ಈ ಸಲ ಅವನು ಹೋಗಿ ಎಂಟು ತಿಂಗಳಾಗಿತ್ತು. ಅಷ್ಟರಲ್ಲಿ ಅವಳ ಹೊಲಿಗೆ ಅಂಗಡಿಯ ಪಕ್ಕದ ಕ್ಷೌರದಂಗಡಿ ಖಾಲಿಯಾಗುವ ಕಾಲ ಬಂತು. ಕ್ಷೌರದ ಮಾಮನಿಗೆ ಕೈ ನಡುಗಲು ಶುರುವಾಗಿ, ಗಿರಾಕಿಗಳ ಕಿವಿಯ ಮೇಲಿನ ಕರುಣೆಯಿಂದ, ಮಗಳ ಮನೆಗೆ ಹೋಗಿರುವುದೆಂದು ತೀರ್ಮಾನಿಸಿದ್ದರು. ಟೈಲರಮ್ಮ ಅಂಗಡಿಯನ್ನು ಒಳಗೆ ಹೋಗಿ ನೋಡಿದಳು. ಹಿಂದೆ ನೀರಿನ ನಲ್ಲಿ, ಮೇಲೆ ಹೊಗೆ ಹೋಗಲು ಕಿಟಕಿ, ಮುಂದೆ ನಾಲ್ಕು ಮೇಜು ಹಿಡಿಸುವಷ್ಟು ಜಾಗ. ಊಟದಂಗಡಿ ಇಡಲು ಹೇಳಿ ಮಾಡಿಸಿದ ಹಾಗಿತ್ತು. ಸಮುದ್ರದ ಮೇಲೆ ಯಾರ‍್ಯಾರಿಗೋ ಬೇಯಿಸಿ ಹಾಕುವ ಗಂಡ ಇಲ್ಲಿ ಬೇಯಿಸಿದರೆ ಆಗದೇ? ರಾತ್ರಿ ಮನೆಗೆ ಬಂದು ಮಲಗಿದರೆ ಆಗದೇ?

ಫೋನಿನಲ್ಲಿ ಹೇಳಿದಳು. ಅತ್ತಲಿಂದ ಬಂದದ್ದು ಗೊತ್ತೇ ಇರುವ ಮಾತು.

"ನೋಡೋಣ."

"ನೋಡೋಕೆ ಏನಿದೆ ರೀ? ಬರ್ತೀನಿ ಅನ್ನಿ, ಇಲ್ಲ ಬರಲ್ಲ ಅನ್ನಿ."

"ಇದೇನು ದೋಣಿ ಅಂದ್ಕೊಂಡ್ಯಾ ಕಣೇ, ಬೇಕಾದಾಗ ಇಳಿಯೋಕೆ? ಈ ತುದಿಯಿಂದ ಆ ತುದಿಗೆ ಹೋಗ್ಬೇಕಾದ್ರೆ ಸೈಕಲ್ ಬೇಕು, ಅಷ್ಟು ದೊಡ್ಡ ಹಡಗು. ನಾನು ಇಳಿದ್ರೆ ಇಷ್ಟು ಜನ ಉಪವಾಸ ಬೀಳ್ತಾರೆ. ಹಲೋ? ಹಲೋ? ಸಿಗ್ನಲ್ ಹೋಗ್ತಾ ಇದೆ..."

ಸಮುದ್ರದ ಸಿಗ್ನಲ್ಲಿಗೆ ಯಾವಾಗ ಹೋಗಬೇಕೆಂದು ಚೆನ್ನಾಗಿ ಗೊತ್ತಿತ್ತು. ಅಂಗಡಿಯ ಮಾತು ಬಂದ ಕೂಡಲೇ ಹೋಗುತ್ತಿತ್ತು.

ಇತ್ತ ಕ್ಷೌರದಂಗಡಿ ಹಿಡಿಯಲು ಇನ್ನೊಬ್ಬ ಗಿರಾಕಿ ತಯಾರಾಗಿದ್ದ. ಸ್ಪೀಕರ್ ಮಾರುವವನು. ಅವನು ಬಂದರೆ ಗೋಡೆಯ ಆಚೆಯಿಂದ ದಿನವಿಡೀ ಢಂ ಢಂ ಅಂತ ಬಡಿಯುತ್ತಿರುತ್ತದೆ, ಈಚೆ ಅವಳ ಸೂಜಿ ಬಟ್ಟೆ ಬಿಟ್ಟು ಬೆರಳಿಗೆ ಇಳಿಯುತ್ತದೆ. ಕ್ಷೌರದ ಮಾಮನಿಗೂ ಅವನು ಬೇಡವಾಗಿತ್ತು.

"ನಿನ್ನ ಗಂಡನ ಹಡಗು ನಮ್ಮ ಬಂದರಿಗೇ ಬರ್ತಾ ಇದೆ ಅಂತೀಯಲ್ಲ ತಂಗಿ," ಎಂದರು ಮಾಮ. "ಅದು ಬಂದು ಹೋಗೋವರೆಗೆ ಆ ಢಂಢಂನ ತಡೆದಿಟ್ಟಿರ್ತೀನಿ. ಆಮೇಲೆ ನನ್ನ ಬೈಬೇಡ."

ಹಡಗು ಬರುವುದೇನೋ ನಿಜ. ಅರ್ಧ ಗಂಟೆ ಬಸ್ಸಿನ ದಾರಿಯ ಬಂದರಿಗೆ, ಎಂಟು ತಿಂಗಳಲ್ಲಿ ಮೊದಲ ಸಲ, ಕೆಲವು ಗಂಟೆಗಳ ಮಟ್ಟಿಗೆ. ಗೇಟಿನ ಹತ್ತಿರ ಬಂದು ಮುಖ ತೋರಿಸಿ ಹೋಗಲು ಅವನಿಗೆ ಬಿಡುವು ಸಿಗುತ್ತದೆ. ಟೈಲರಮ್ಮನಿಗೆ ಅಷ್ಟು ಸಾಕಾಗಿತ್ತು. ಫೋನಿನಲ್ಲಿ ಜಾರಿಕೊಳ್ಳುವ ಗಂಡ ಎದುರಿಗೆ ನಿಂತರೆ ಜಾರಲಾರ. ಸುಳ್ಳು ಹೇಳಿದರೆ ಕಿವಿ ಕೆಂಪಾಗುತ್ತದೆ. ಆದರೆ ಹಡಗು ಬರುವುದು ಯಾವಾಗ? ಕೇಳಿದರೆ "ಈ ವಾರವೋ, ಮುಂದಿನ ವಾರವೋ, ನೋಡೋಣ."

ಅವಳು ಎದುರಂಗಡಿಯ ಗ್ಲಾಸಿನ ಹತ್ತಿರ ಹೋದಳು. ಅವನು ಫೋನು ರಿಪೇರಿಯವನು. ಏನು ಕೆಟ್ಟಿದೆ ಅಂತ ಫೋನು ತಂದರೂ ಮೊದಲು "ಗ್ಲಾಸು ಹಾಕಿಸ್ಕೊಳ್ಳಿ" ಅನ್ನುತ್ತಿದ್ದರಿಂದ ಆ ಹೆಸರು.

"ಅಕ್ಕ, ಇದಕ್ಕೆಲ್ಲ ಗಂಡನ್ನ ಯಾಕೆ ಕೇಳ್ತೀರಿ?" ಎಂದ ಅವನು. "ಲೋಕದಲ್ಲಿರೋ ಹಡಗೆಲ್ಲ ಫೋನಲ್ಲೇ ಕಾಣುತ್ತೆ. ಹೆಸರು ಹೇಳಿ."

ಅವಳ ಫೋನಿನಲ್ಲೇ ಹಡಗಿನ ಹೆಸರು ಹಾಕಿದ. ನೀಲಿ ಪರದೆಯ ಮೇಲೆ ಒಂದು ಹಸಿರು ಬಾಣದ ಗುರುತು ಕಾಣಿಸಿಕೊಂಡಿತು. ಬಾಣದ ಮೂತಿ ಹೋಗುವ ದಿಕ್ಕು, ಪಕ್ಕದಲ್ಲಿ ವೇಗ, ಕೆಳಗೆ ಒತ್ತಿದರೆ ಹಡಗಿನ ಜಾತಕವೆಲ್ಲ. ಟೈಲರಮ್ಮ ಬಾಣವನ್ನೇ ನೋಡುತ್ತ ನಿಂತಳು. ಎಂಟು ತಿಂಗಳಿಂದ ಕಾಣದ ಗಂಡ ಅಕ್ಕಿಕಾಳಿನಷ್ಟು ಗಾತ್ರದಲ್ಲಿ ಅಲ್ಲಿ ಎಲ್ಲೋ ಈರುಳ್ಳಿ ಹೆಚ್ಚುತ್ತಿದ್ದ.

"ನಿಮ್ಮನೆ ಅಜ್ಜಿಗೂ ಓದೋಕಾಗ್ಲಿ ಅಂತ ಪೂರ್ತಿ ಕನ್ನಡಕ್ಕೆ ತಿರುಗಿಸಿಟ್ಟಿದೀನಿ," ಎಂದ ಗ್ಲಾಸು. "ಅದು ತಾನಾಗೇ ಅನುವಾದ ಮಾಡ್ಕೊಳ್ಳುತ್ತೆ. ಹಾಗೇ ಒಂದು ಗ್ಲಾಸು..."

"ಗ್ಲಾಸು ಬೇಡ," ಎಂದಳು ಟೈಲರಮ್ಮ.

ಅವನ ಈ ಉಪಕಾರವೇ ಮರುದಿನ ಬೀದಿಯನ್ನು ಬೀದಿಗೆ ತಂದಿತು.

ಟೈಲರಮ್ಮನ ಜೊತೆಗಿದ್ದ ಅತ್ತೆಗೆ, ಸೌಟಿನ ತಾಯಿಗೆ, ಓದುವುದೆಂದರೆ ಪ್ರಾಣ. ಪೇಪರು ಬಂದರೆ ಟೆಂಡರಿನ ಜಾಹೀರಾತೂ ಬಿಡುತ್ತಿರಲಿಲ್ಲ, ಅದೂ ಗಟ್ಟಿಯಾಗಿ. ಬೆಳಿಗ್ಗೆ ಸೊಸೆ ಶಾಲೆಯ ಸಮವಸ್ತ್ರಕ್ಕೆ ಗುಂಡಿ ಹಾಕುತ್ತ ಕೂತಿದ್ದಾಗ ಅತ್ತೆ ಫೋನು ಹಿಡಿದು ಅಂಗಡಿಯ ಬಾಗಿಲಲ್ಲಿ ಕುಳಿತರು. ಕನ್ನಡಕ ಏರಿಸಿದರು.

"ಪಾತ್ರೆಯ ವಿವರ," ಎಂದು ಓದಿದರು. "ನೋಡೇ, ಅಡುಗೆಯವನು ಅಂತ ಪಾತ್ರೆಯಿಂದಾನೇ ಶುರು ಮಾಡಿದಾರೆ. ಮರ್ಯಾದೆ ಗೊತ್ತಿರೋ ಜನ. ಪಾತ್ರೆಯ ಉದ್ದ, ನೂರಾ ಒಂದು ಮೀಟರ್. ಅಬ್ಬಬ್ಬಾ! ಇಷ್ಟುದ್ದದ ಪಾತ್ರೆಯಲ್ಲಿ ತಿರುವಿದ್ರೆ ನನ್ನ ಮಗನ ರಟ್ಟೆ ಏನಾಗ್ಬೇಕು?"

"ಅತ್ತೆ, ಅದೇನೋ ತಪ್ಪಾಗಿ..."

"ಸುಮ್ನಿರು, ಮುಂದೆ ಇದೆ. ಸತ್ತ ತೂಕ, ಎಂಟು ಸಾವಿರ ಟನ್."

ಅತ್ತೆಯ ದನಿ ಸ್ವಲ್ಪ ಇಳಿಯಿತು. ಸೊಸೆಯ ಕೈಯ ಸೂಜಿಯೂ ನಿಂತಿತು.

"ಮುಳುಗಡೆ..." ಎಂದು ಓದಿ ಅತ್ತೆ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಮುಳುಗಡೆ, ಆರೂವರೆ ಮೀಟರ್. ಕಿರಣ, ಹದಿನೆಂಟು ಮೀಟರ್. ಈಗಿನ ಸ್ಥಿತಿ, ಎಂಜಿನ್ ಬಳಸಿ ದಾರಿಯ ಕೆಳಗೆ."

ಅತ್ತೆ ಹಾಕಿದ ಕೂಗಿಗೆ ಕ್ಷೌರದ ಮಾಮನ ಗಿರಾಕಿ ಅರ್ಧ ಮೀಸೆಯಲ್ಲಿ ಓಡಿಬಂದ.

"ಮುಳುಗಿ ಹೋಯ್ತಲ್ರಪ್ಪೋ! ಆರೂವರೆ ಮೀಟರ್ ಕೆಳಗೆ ಹೋಗಿದೆ! ಸತ್ತೋರನ್ನ ಟನ್ ಲೆಕ್ಕದಲ್ಲಿ ತೂಗಿದಾರೆ! ದಾರಿಯ ಕೆಳಗೆ ಬಿದ್ದಿದೆ ಅಂತೆ, ಕಿರಣ ಬಿಟ್ಟು ಹುಡುಕ್ತಾ ಇದಾರೆ!"

ಜನ ಸೇರಿದರು. ಮೂಲೆಯ ಇಸ್ತ್ರಿಯವನು ಕೆಂಡದ ಪೆಟ್ಟಿಗೆ ಹಿಡಿದುಕೊಂಡೇ ಬಂದ. ಟೈಲರಮ್ಮ ಫೋನು ಕಸಿದುಕೊಂಡು ತಾನೇ ಓದಿದಳು. ಹೌದು, ಹಾಗೇ ಬರೆದಿತ್ತು. ಗಂಡನಿಗೆ ಫೋನು ಹಚ್ಚಿದಳು. ತಗುಲಲಿಲ್ಲ. ಅಂಗಡಿಯ ಮಾತನ್ನು ಇನ್ನೂ ಎತ್ತಿಯೇ ಇಲ್ಲ, ಈಗಲೇ ಸಿಗ್ನಲ್ ಹೋದರೆ ಹೇಗೆ? ಪರದೆಯನ್ನು ಮತ್ತೆ ಕೆಳಗೆ ಎಳೆದಾಗ ಇನ್ನೊಂದು ಸಾಲು ಕಂಡಿತು.

"ಅತ್ತೆ, ಇಲ್ಲಿ ವೇಗ ಗಂಟೆಗೆ ಹನ್ನೊಂದು ಮೈಲಿ ಅಂತ ಇದೆ. ಮುಳುಗಿದ ಹಡಗು ಹನ್ನೊಂದು ಮೈಲಿ ಹೇಗೆ ಹೋಗುತ್ತೆ?"

"ಮುಳುಗ್ತಾ ಮುಳುಗ್ತಾ ಹೋಗ್ತಿರಬಹುದು," ಎಂದರು ಅತ್ತೆ ಬಿಕ್ಕುತ್ತ. "ನನ್ನ ಮಗ ಯಾವ ಕೆಲಸಾನೂ ಅರ್ಧಕ್ಕೆ ಬಿಡೋನಲ್ಲ."

ಅಷ್ಟರಲ್ಲಿ ಗ್ಲಾಸು ಜನರನ್ನು ಸರಿಸಿಕೊಂಡು ಬಂದ. ಫೋನು ನೋಡಿದ. ಮುಖ ಕೆಂಪೇರಿತು, ಆಮೇಲೆ ಹೊಟ್ಟೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಕುಕ್ಕರಿಸಿದ.

"ನಗ್ತೀಯಾ? ನನ್ನ ಮಗ ನೀರಡಿ ಇದಾನೆ, ನೀನು ನಗ್ತೀಯಾ?" ಅತ್ತೆ ಕೈ ಎತ್ತಿದರು.

"ಅಜ್ಜಿ, ಅಜ್ಜಿ, ಹೊಡೀಬೇಡಿ! ಇಂಗ್ಲಿಷಲ್ಲಿ ವೆಸೆಲ್ ಅಂದ್ರೆ ಹಡಗೂ ಹೌದು, ಪಾತ್ರೆಯೂ ಹೌದು. ಈ ಫೋನಿನ ತಲೆಗೆ ಪಾತ್ರೆ ಅಂತ ಹೊಳೀತು. ಸತ್ತ ತೂಕ ಅಂದ್ರೆ ಡೆಡ್ ವೇಟ್, ಅದು ಹೊರಬಲ್ಲ ಭಾರ. ಕಿರಣ ಅಂದ್ರೆ ಬೀಮ್, ಹಡಗಿನ ಅಗಲ. ದಾರಿಯ ಕೆಳಗೆ ಅಂದ್ರೆ ಅಂಡರ್ ವೇ, ದಾರೀಲಿದೆ ಅಂತ, ನಡೀತಾ ಇದೆ ಅಂತ!"

"ಹಡಗಿಗೆ ಪಾತ್ರೆ ಅಂದ್ರೆ, ಪಾತ್ರೆಗೆ ಏನಂತಾರೆ?"

"ಅದಕ್ಕೂ ಪಾತ್ರೆ ಅಂತಾನೇ."

"ಪಾತ್ರೆ ಒಳಗೆ ಪಾತ್ರೆ ಇಟ್ಕೊಂಡು ಬೇಯಿಸ್ತಾನಾ ನನ್ನ ಮಗ?" ಎಂದ ಅತ್ತೆ ಮರುಕ್ಷಣ ಪಾಯಿಂಟು ಹಿಡಿದರು. "ಎಲ್ಲಾ ಸರಿ. ಮುಳುಗಡೆ ಅಂದ್ರೇನು? ಅದಕ್ಕೂ ಬೇರೆ ಅರ್ಥ ಇದೆ ಅನ್ನು, ನೋಡ್ತೀನಿ."

ಗ್ಲಾಸಿಗೆ ಇದನ್ನು ತೋರಿಸಿಯೇ ಹೇಳಬೇಕಾಯಿತು. ಮುಳುಗಡೆ ಎಂದರೆ ಮುಳುಗಿರುವುದೇ. ಕ್ಷೌರದ ಮಾಮ ಒಂದು ಬಕೆಟ್ಟು ನೀರು ತಂದಿಟ್ಟರು. ಪಾತ್ರೆ ಬೇಕೆಂದಾಗ ಅತ್ತೆ ಒಳ್ಳೆಯ ಪಾತ್ರೆ ಕೊಡಲು ಒಪ್ಪದೆ ತಳ ಸುಟ್ಟ ಬಾಣಲೆಯೊಂದನ್ನು ತಂದರು. ಗ್ಲಾಸು ಅದನ್ನು ನೀರಿನ ಮೇಲೆ ಬಿಟ್ಟು ಒಂದೊಂದೇ ಈರುಳ್ಳಿ ಹಾಕುತ್ತ ಹೋದ. ಬಾಣಲೆ ಸ್ವಲ್ಪ ಸ್ವಲ್ಪವೇ ಕೆಳಗಿಳಿಯಿತು, ಆದರೂ ತೇಲುತ್ತಲೇ ಇತ್ತು.

"ನೋಡಿ ಅಜ್ಜಿ, ನೀರಿನೊಳಗೆ ಎಷ್ಟು ಭಾಗ ಇದೆಯೋ ಅದೇ ಮುಳುಗಡೆ. ಸ್ವಲ್ಪ ಮುಳುಗಿದ್ರೇನೇ ತೇಲೋದು."

"ಸ್ವಲ್ಪ ಮುಳುಗಿದ್ರೇನೇ ತೇಲೋದು!" ಅತ್ತೆ ಬೀದಿಯವರ ಕಡೆ ತಿರುಗಿದರು. "ಕೇಳಿದ್ರಾ? ಇವನು ಕಲಿಸಿದ ಕನ್ನಡಾನೇ ಫೋನೂ ಕಲ್ತಿರೋದು."

ಆದರೆ ಬಕೆಟ್ಟಿನಿಂದ ಕಣ್ಣು ತೆಗೆಯದವಳು ಟೈಲರಮ್ಮ. ಭಾರ ಹಾಕಿದರೆ ಇಳಿಯುತ್ತದೆ, ತೆಗೆದರೆ ಏರುತ್ತದೆ. ಎಂದರೆ ಆ ಒಂದು ಸಂಖ್ಯೆ ನೋಡಿಕೊಂಡರೆ ಹಡಗಿನ ಹೊಟ್ಟೆ ತುಂಬಿದೆಯೋ ಹಸಿದಿದೆಯೋ ಮನೆಯಲ್ಲಿ ಕೂತೇ ಗೊತ್ತಾಗುತ್ತದೆ. ಅಳತೆ ಎಂದರೆ ಅವಳಿಗೆ ಹಾಗೇ ಮನಸ್ಸಿಗೆ ಹತ್ತಿಬಿಡುತ್ತಿತ್ತು. ಹತ್ತಿದ್ದೇ ತಡ, ಇನ್ನೊಂದು ಅಳತೆ ನೆನಪಾಯಿತು.

"ನೂರಾ ಒಂದು ಮೀಟರ್ ಅಂದ್ರೆ ಎಷ್ಟುದ್ದ ಬರುತ್ತೆ?"

ಲೈನಿಂಗ್ ದಾರದ ಉಂಡೆ ತೆಗೆದು ಟೇಪಿಗೆ ಹಿಡಿದು ಮೀಟರಿಗೊಂದು ಗಂಟು ಹಾಕಿಕೊಂಡಳು. ಕ್ಷೌರದಂಗಡಿಯ ಹೊಸ್ತಿಲಿನಿಂದ ಶುರು ಮಾಡಿ ಬೀದಿಯುದ್ದಕ್ಕೂ ಅಳೆಯುತ್ತ ಹೋದಳು. ಹಿಂದೆ ಅತ್ತೆ, ಅತ್ತೆಯ ಹಿಂದೆ ಅರ್ಧ ಮೀಸೆಯವನು, ಅವನ ಹಿಂದೆ ಉಳಿದವರು. ನೂರಾ ಒಂದು ಮೀಟರ್ ಇಸ್ತ್ರಿಯವನ ಮೇಜಿನ ಹತ್ತಿರ ಮುಗಿದುಹೋಯಿತು. ಅಡ್ಡಕ್ಕೆ ಹದಿನೆಂಟು ಮೀಟರ್ ಎಂದರೆ ಬೀದಿಯ ಅಗಲ, ಎರಡು ಕಡೆಯ ಜಗಲಿ, ಮತ್ತೆ ಗ್ಲಾಸಿನ ಅಂಗಡಿಯ ಅರ್ಧ.

"ಇಷ್ಟೇನಾ?" ಎಂದರು ಅತ್ತೆ. ಆ ತುದಿಯಿಂದ ಈ ತುದಿಗೆ ನಡೆದು ನೋಡಿದರು. ಉಸಿರೂ ಹೆಚ್ಚಲಿಲ್ಲ. "ಇದಕ್ಕೆ ಸೈಕಲ್ ಯಾಕೆ ಬೇಕಂತೆ ಇವನಿಗೆ? ಹತ್ತೋದ್ರೊಳಗೆ ಇಳೀಬೇಕಲ್ಲ!"

"ಮರಿ ಹಡಗು ಅಜ್ಜಿ ಇದು," ಎಂದ ಗ್ಲಾಸು. "ದೊಡ್ಡವು ನಾನೂರು ಮೀಟರ್ ಇರ್ತಾವೆ. ದೊಡ್ಡ ಬಂದರಿಂದ ಸಣ್ಣ ಬಂದರಿಗೆ ಪೆಟ್ಟಿಗೆ ಹಂಚ್ಕೊಂಡು ಬರೋದು ಇವು. ಆಟೋ ಇದ್ದ ಹಾಗೆ."

ಅಂದಿನಿಂದ ಬೀದಿ ಹಡಗಾಯಿತು. ಕ್ಷೌರದಂಗಡಿ ಮೂತಿ, ಇಸ್ತ್ರಿಯವನ ಮೇಜು ಬಾಲ. ಫೋನು ತೋರಿಸಿದ ಫೋಟೋದಲ್ಲಿ ಜನ ಇರುವ ಕಟ್ಟಡ ಹಡಗಿನ ಹಿಂಭಾಗದಲ್ಲಿ ಕಂಡದ್ದರಿಂದ ಸೌಟಿನ ಅಡುಗೆಮನೆ ಸರಿಯಾಗಿ ಇಸ್ತ್ರಿಯವನ ಜಾಗಕ್ಕೆ ಬಂತು. ಅವನಿಗೆ ಅದೊಂದು ಹೆಮ್ಮೆ; ಅಂಗಿ ಕೊಡಲು ಬಂದವರಿಗೆ "ಇಲ್ಲೇ ನೋಡಿ, ನಾನು ನಿಂತಿರೋ ಕಡೆಯೇ ಒಲೆ" ಎಂದು ತೋರಿಸುತ್ತಿದ್ದ.

ಟೈಲರಮ್ಮ ಮಾತ್ರ ಯೋಚನೆಗೆ ಬಿದ್ದಳು. ಸೊಂಟದ ಅಳತೆಯಲ್ಲಿ ಸುಳ್ಳು ಹೇಳುವವರನ್ನು ಅವಳು ದಿನಾ ನೋಡುತ್ತಿದ್ದಳು. ಯಾರೂ ಸುಮ್ಮಸುಮ್ಮನೆ ಹೇಳುವುದಿಲ್ಲ; ಒಳಗೆ ಏನೋ ನಾಚಿಕೆ ಇರುತ್ತದೆ. ಅವಳ ಗಂಡ ಬಡಾಯಿಯವನಲ್ಲ. ಅಂಥವನು ಇಷ್ಟು ಸಣ್ಣ ಹಡಗನ್ನು ಅಷ್ಟು ಉದ್ದ ಎಳೆದಿದ್ದೇಕೆ? ಇಳಿಯಲಾಗದು ಅನ್ನಲಿಕ್ಕೆ. ಇಳಿಯಲು ಹೆದರಿಕೆ ಏನು? ಅದು ಪರದೆಯ ಮೇಲೆ ಎಷ್ಟು ಎಳೆದರೂ ಸಿಗಲಿಲ್ಲ.

ಹಡಗು ಇಲ್ಲಿಗೆ ಬರುವ ಮುಂಚಿನ ಬಂದರನ್ನು ಸೇರಿ ಹೊರಟಾಗ ಮುಳುಗಡೆ ಆರೂವರೆ ಇದ್ದದ್ದು ಐದಕ್ಕಿಂತ ಕಡಿಮೆಯಾಗಿತ್ತು.

"ಅಯ್ಯೋ, ಇಳಿದುಹೋದ," ಎಂದರು ಅತ್ತೆ, ಮಗನ ಮೈತೂಕವೇ ಇಳಿದವರಂತೆ.

"ಒಳ್ಳೇದೇ ಆಯ್ತು ಅತ್ತೆ. ಭಾರ ಅಲ್ಲಿ ಇಳಿಸಿ ಖಾಲಿ ಬರ್ತಾ ಇದೆ. ಇಲ್ಲಿ ತುಂಬಿಸ್ಕೋಬೇಕು. ತುಂಬಿಸೋಕೆ ಹೊತ್ತು ಹಿಡಿಯುತ್ತೆ. ಆ ಹೊತ್ತು ನಮ್ದು."

ಲೆಕ್ಕ ಸರಿಯಾಗಿತ್ತು. ಆದರೆ ಹಡಗು ಬಂದರಿನ ಬಾಯಿಗೆ ಬಂದ ದಿನ ಬೆಳಗ್ಗೆಯೇ ಲಂಗರು ಹಾಕಿ ನಿಂತುಬಿಟ್ಟಿತು. ಸರಕು ತುಂಬುವ ಕಟ್ಟೆಯಲ್ಲಿ ಬೇರೆ ಹಡಗೊಂದಿತ್ತು. ಬಾಣ ಹೋಗಿ ಚುಕ್ಕೆಯಾಯಿತು. ಚುಕ್ಕೆ ಕದಲಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಸ್ಪೀಕರಿನವನು ಕ್ಷೌರದಂಗಡಿಗೆ ಬಂದು ನಿಂತ. ಇವತ್ತು ಇತ್ಯರ್ಥ ಆಗಲೇಬೇಕು, ಆಗದಿದ್ದರೆ ಬೇರೆ ಕಡೆ ನೋಡಿಕೊಳ್ಳುತ್ತೇನೆ ಎಂದ. ಬೇರೆ ಕಡೆ ಹೋದರೆ, ನಾಳೆ ಸೌಟೂ ಕೈಕೊಟ್ಟರೆ, ಮಾಮನ ಅಂಗಡಿಗೆ ಯಾರೂ ಇಲ್ಲ.

"ಇತ್ಯರ್ಥ ಮಾಡೋಣಂತೆ, ಕೂತ್ಕೊಳಪ್ಪ," ಎಂದು ಮಾಮ ಅವನನ್ನು ಕುರ್ಚಿಗೆ ಒತ್ತಿ ಕೂರಿಸಿದರು. "ಇಷ್ಟು ಗಡ್ಡ ಬಿಟ್ಕೊಂಡು ವ್ಯವಹಾರ ಮಾತಾಡ್ಬಾರದು. ಕಾಸು ಬೇಡ, ಹೋಗೋ ಮುಂಚೆ ನನ್ನ ಕೈಯ ಕೊನೇ ಶೇವಿಂಗು ನಿನಗೇ ಇರ್ಲಿ." ಎಂದವರೇ ಬಾಯಿಗೂ ಸೇರಿಸಿ ನೊರೆ ಬಳಿದುಬಿಟ್ಟರು. ಬಾಗಿಲಿಂದ ಟೈಲರಮ್ಮನಿಗೆ ಕಣ್ಣು ಮಿಟುಕಿಸಿ ಹೊರಡು ಎಂದು ಸನ್ನೆ ಮಾಡಿದರು.

ಅತ್ತೆ ಸೊಸೆ ಬಸ್ಸು ಹಿಡಿದರು. ದಾರಿಯಲ್ಲೇ ಚುಕ್ಕೆ ಮತ್ತೆ ಬಾಣವಾಗಿ ಕಟ್ಟೆಯ ಕಡೆ ಹೊರಟಿತು. "ಬಂತು, ಬಂತು!" ಎಂದು ಅತ್ತೆ ಕೂಗಿದ್ದಕ್ಕೆ ಡ್ರೈವರು ಸ್ಟಾಪಿಲ್ಲದ ಕಡೆ ಬಸ್ಸು ನಿಲ್ಲಿಸಿ ಬೈಸಿಕೊಂಡ.

ಬಂದರಿನ ಗೇಟಿನಲ್ಲಿ ಕಾವಲುಗಾರ, ತಂತಿ ಬೇಲಿ, ಸಾಲುಗಟ್ಟಿದ ಲಾರಿಗಳು. ಬೇಲಿಯ ಆಚೆ ದೂರದಲ್ಲಿ ಹಡಗು. ಅಳೆದು ನೋಡಿದ ಬೀದಿ ಎದ್ದು ನೀರಿನ ಮೇಲೆ ನಿಂತ ಹಾಗಿತ್ತು, ಅಷ್ಟೇ. ಹೊತ್ತು ಇಳಿಯುವ ಮುಂಚೆ ಇಬ್ಬರು ಗೇಟಿನ ಹೊರಗೆ ಬಂದರು. ಒಬ್ಬ ಸೌಟು. ಇನ್ನೊಬ್ಬ ಎಣ್ಣೆ ಮೆತ್ತಿದ ಅಂಗಿಯ ಎಂಜಿನ್ನಿನವನು, ಅಂಗಡಿಗೆ ಹೋಗಿ ಸಾಬೂನು ತರಲು ಹೊರಟವನು.

"ಒಣಗಿ ಹೋಗಿದೀಯಲ್ಲೋ!" ಅತ್ತೆ ಮಗನ ತೋಳು ಹಿಡಿದರು.

"ಅಮ್ಮ, ಪ್ಯಾಂಟಿನ ಗುಂಡಿ ಹಾಕೋಕಾಗ್ತಿಲ್ಲ."

ಟೈಲರಮ್ಮನ ಕಣ್ಣು ಆಗಲೇ ಆ ಗುಂಡಿಯ ಮೇಲಿತ್ತು. ಎರಡು ಇಂಚು ಬಿಡಿಸಬೇಕು. ಗಂಡ ಅವಳ ಕಡೆ ನೋಡಿದ, ನಕ್ಕ, ಏನು ಹೇಳಬೇಕೆಂದು ತೋಚದೆ "ಬಸ್ಸು ಸಿಕ್ತಾ?" ಎಂದ.

"ಸಿಕ್ತು. ಸೈಕಲ್ ತರ್ಲಿಲ್ಲ."

ಅವನ ಕಿವಿ ಆಗಲೇ ಕೆಂಪಾಯಿತು.

"ನೂರಾ ಒಂದು ಮೀಟರ್," ಎಂದಳು. "ಹದಿನೆಂಟು ಅಗಲ. ನಮ್ಮ ಬೀದಿಯಷ್ಟೇ ಇದೆ. ಎಷ್ಟು ಜನಕ್ಕೆ ಅಡುಗೆ ರೀ ಅಲ್ಲಿ?"

"ನಾವಾ? ಹನ್ನೆರಡು ಜನ ಅಕ್ಕ," ಎಂದ ಎಂಜಿನ್ನಿನವನು ಒಳ್ಳೆಯ ಮನಸ್ಸಿನಿಂದ. ಸೌಟು ಅವನ ಕಾಲು ತುಳಿದದ್ದು ತಡವಾಗಿತ್ತು.

"ಹನ್ನೆರಡು ಜನ ಉಪವಾಸ ಬೀಳ್ತಾರೆ ಅಂತ ನಮ್ಮನ್ನ ಎಂಟು ತಿಂಗಳು ಕಾಯಿಸ್ತಾ ಇದೀರಲ್ಲ. ಮಾಮನ ಅಂಗಡಿ ಇವತ್ತು ಸಂಜೆಗೆ ಬೇರೆಯವರ ಪಾಲಾಗುತ್ತೆ. ಬೇಡ ಅಂದ್ರೆ ಬೇಡ ಅನ್ನಿ, ನಾನು ಅಳಲ್ಲ. ಯಾಕೆ ಅಂತ ಮಾತ್ರ ಹೇಳಿ."

"ನೋಡೋ..." ಎಂದು ಶುರು ಮಾಡಿದ. ಅವಳು ಬೆರಳೆತ್ತಿದಳು. ಅವನು ಬಾಯಿ ಮುಚ್ಚಿ, ಲಾರಿಗಳ ಕಡೆ ನೋಡಿ, ತಲೆ ಕೆರೆದುಕೊಂಡು, ಕೊನೆಗೆ ಬೂಟಿನ ಕಡೆ ನೋಡುತ್ತ ಹೇಳಿದ.

"ಹಡಗಲ್ಲಿ ನನ್ನ ಊಟ ಬೇಡ ಅಂದ್ರೆ ಅವರು ಎಲ್ಲಿಗೆ ಹೋಗ್ತಾರೆ ಕಣೇ? ಸುತ್ತ ನೀರು. ಚೆನ್ನಾಗಿದ್ರೂ ತಿಂತಾರೆ, ಕೆಟ್ಟಿದ್ರೂ ತಿಂತಾರೆ. ಇಲ್ಲಿ ಹಾಗಾ? ಒಬ್ಬ ಬಂದು ಒಂದು ತುತ್ತು ಬಾಯಿಗಿಟ್ಟು, ಎದ್ದು, ಎದುರಿನ ಹೋಟ್ಲಿಗೆ ಹೋದ ಅಂತಿಟ್ಕೋ. ನಾನು ಸೌಟು ಹಿಡ್ಕೊಂಡು ನೋಡ್ತಾ ನಿಂತಿರ್ಬೇಕಲ್ಲ, ಬೀದಿಯವರ ಮುಂದೆ."

ಮೊದಲ ರವಿಕೆಯನ್ನು ಗಿರಾಕಿಗೆ ಕೊಟ್ಟ ದಿನ, ಆ ಹೆಂಗಸು ಅದನ್ನು ತೊಟ್ಟು ಕನ್ನಡಿ ನೋಡಿಕೊಳ್ಳುವವರೆಗೆ ಟೈಲರಮ್ಮ ದಾರವಿಲ್ಲದ ಸೂಜಿಯಲ್ಲೇ ಹೊಲಿಯುತ್ತ ಕೂತಿದ್ದಳು.

ಅತ್ತೆಗೆ ಮಾತ್ರ ಕೋಪ ಬಂತು. "ನನ್ನ ಕೈಯಿಂದ ಕಲ್ತವನು ಹೀಗಂತೀಯಾ?"

"ನಿನ್ನಿಂದ ಕಲೀಲಿಲ್ಲಮ್ಮ. ನೀನು ಮಾಡಿದ್ದು ತಿನ್ನೋಕಾಗ್ದೆ ಕಲ್ತೆ."

ಎಂಜಿನ್ನಿನವನು ನಗು ತಡೆಯಲು ಸಮುದ್ರದ ಕಡೆ ತಿರುಗಿದ. ಟೈಲರಮ್ಮ ಅವನನ್ನೇ ಹಿಡಿದಳು.

"ಅಣ್ಣ, ನೀವು ಹೇಳಿ. ಬಂದರಿಗೆ ಇಳಿದಾಗ ಊಟ ಎಲ್ಲಿ ಮಾಡ್ತೀರಿ?"

"ಊಟಕ್ಕೆ ಹಡಗಿಗೇ ಹೋಗ್ತೀವಿ ಅಕ್ಕ."

"ಪುಕ್ಕಟೆ ಅಂತ," ಎಂದ ಸೌಟು.

"ಪುಕ್ಕಟೆ ಅಂತಾನೇ ಇರ್ಲಿ. ಹೋದ ತಿಂಗಳು ಕಂಪನಿಯವರು ನಮ್ಮನ್ನೆಲ್ಲ ಹೋಟ್ಲಿಗೆ ಕರ‍್ಕೊಂಡು ಹೋದ್ರಲ್ಲ, ಅದೂ ಪುಕ್ಕಟೇನೇ. ಮೇಜಿಗೆಲ್ಲ ಬಿಳೀ ಬಟ್ಟೆ. ವಾಪಸ್ಸು ಬಂದು ಏನು ಮಾಡಿದ್ವಿ? ಕ್ಯಾಪ್ಟನ್ ಸೇರಿ ಎಲ್ಲಾರೂ ನಿನ್ನ ಅಡುಗೆಮನೆ ಬಾಗಿಲಲ್ಲಿ ನಿಂತಿದ್ವಿ, ಏನಾದ್ರೂ ಉಳಿದಿದೆಯಾ ಅಂತ."

"ಹೋಟ್ಲಲ್ಲಿ ಕಮ್ಮಿ ಬಡಿಸಿದ್ರು, ಅದಕ್ಕೆ."

"ಬಡಿಸಿದ್ದು ತಟ್ಟೇಲೇ ಇತ್ತು ಮಾರಾಯ! ಕ್ಯಾಪ್ಟನ್ ಅದರ ಮೇಲೆ ಕರವಸ್ತ್ರ ಮುಚ್ಚಿಟ್ಟು ಬಂದ್ರು, ಮರ್ಯಾದೆಗೆ."

ಸೌಟು ತಲೆ ಎತ್ತಿದ. ಈ ಸಂಗತಿಯನ್ನು ಅವನು ಕಂಡೇ ಇರಲಿಲ್ಲವೆಂದಲ್ಲ. ಆ ರಾತ್ರಿ ಬೈಯುತ್ತ ಬೈಯುತ್ತ ಮೊಟ್ಟೆ ಒಡೆದು ಹಾಕಿದ್ದನಷ್ಟೆ. ಬಾಗಿಲಲ್ಲಿ ನಿಂತವರಿಗೆ ಬೇರೆ ಊಟ ಇತ್ತು, ಅದನ್ನು ಬಿಟ್ಟು ಬಂದಿದ್ದರು ಎಂದು ಲೆಕ್ಕ ಹಾಕಿರಲಿಲ್ಲ. ಈಗ ಹಾಕುತ್ತಿದ್ದ. ಅದು ಮುಖದ ಮೇಲೆ ಕಾಣುತ್ತಿತ್ತು.

ಎಂಜಿನ್ನಿನವನಿಗೂ ಆಗಲೇ ಹೊಳೆಯಿತು. "ಅಯ್ಯೋ, ನಾನ್ಯಾಕೆ ಬಾಯಿ ಬಿಟ್ಟೆ? ಇವನು ಇಳಿದ್ರೆ ನಮ್ಮ ಗತಿ ಏನು?" ಎಂದು ತಲೆ ಚಚ್ಚಿಕೊಂಡು ಸಾಬೂನು ತರಲು ಓಡಿಹೋದ.

ಟೈಲರಮ್ಮನ ಫೋನು ಬಡಿದುಕೊಂಡಿತು. ಕ್ಷೌರದ ಮಾಮ. ದನಿ ಪಿಸುಗುಡುತ್ತಿತ್ತು.

"ತಂಗಿ, ಎರಡು ಸಲ ಬೋಳಿಸಿದೀನಿ. ಹುಬ್ಬೂ ಸರಿ ಮಾಡಿದೀನಿ. ಇನ್ನು ಚರ್ಮ ಒಂದೇ ಬಾಕಿ. ಏನಂತಾನೆ ನಿನ್ನ ಗಂಡ?"

"ಒಂದು ನಿಮಿಷ ಮಾಮ. ತಲೆಗೆ ಎಣ್ಣೆ ತಿಕ್ಕಿ," ಎಂದು ಫೋನನ್ನು ಕಿವಿಯಿಂದ ಇಳಿಸಿ ಗಂಡನನ್ನು ನೋಡಿದಳು.

"ಕರಾರು ಇನ್ನೂ ಎರಡು ತಿಂಗಳಿದೆ," ಎಂದ ಅವನು.

"ಎರಡು ತಿಂಗಳಲ್ಲಿ ನಾನು ಸುಣ್ಣ ಹೊಡೆಸಿ ಮೇಜು ಮಾಡಿಸ್ತೀನಿ."

ಅವನು ಮತ್ತೆ ಹಡಗಿನ ಕಡೆ ನೋಡಿದ. ಕಾವಲುಗಾರ ಸೀಟಿ ಊದಿದ. ಎಂಜಿನ್ನಿನವನು ಸಾಬೂನಿನ ಪೊಟ್ಟಣ ಹಿಡಿದು ಓಡಿಬಂದ. ಕಟ್ಟೆಯ ಮೇಲೆ ಕ್ರೇನು ಮೊದಲ ಪೆಟ್ಟಿಗೆಯನ್ನು ಎತ್ತಿತ್ತು. ಅವಳು ಹಾಕಿದ್ದ ಲೆಕ್ಕಕ್ಕಿಂತ ಬೇಗ ಕರೆ ಬಂದಿತ್ತು. ಪೆಟ್ಟಿಗೆ ತುಂಬುವ ಹೊತ್ತು ಹಡಗಿನದು, ಬಡಿಸುವ ಹೊತ್ತು ಅಡುಗೆಯವನದು ಎಂಬುದು ಅವಳಿಗೆ ಹೊಳೆದಿರಲಿಲ್ಲ. ಹನ್ನೆರಡು ಜನಕ್ಕೆ ಹಸಿವಾಗುತ್ತಿತ್ತು. ಸೌಟು ತಾಯಿಯ ಕೈ ಒತ್ತಿ, ಹೆಂಡತಿಯ ಹೆಗಲ ಮೇಲಿನ ದಾರದ ಎಳೆಯೊಂದನ್ನು ತೆಗೆದು, ಗೇಟು ದಾಟಿ ಹೊರಟುಹೋದ. ಟೈಲರಮ್ಮ ಫೋನು ಹಿಡಿದು ನಿಂತಳು. ಒಳಗೆ ಮಾಮ "ಹಲೋ, ಹಲೋ" ಅನ್ನುತ್ತಲೇ ಇದ್ದರು. ಇಲ್ಲ ಎಂದು ಹೇಳಿಬಿಡಬೇಕೆಂದು ಬಾಯಿ ತೆರೆದಳು.

ಬೇಲಿಯ ಒಳಗೆ ಹತ್ತು ಹೆಜ್ಜೆ ಹೋದವನು ತಿರುಗಿದ.

"ಒಲೆ ಎಲ್ಲಿಡ್ತೀಯ?" ಎಂದು ಕೂಗಿದ.

"ಮುಂ‍ದೆ, ಬಾಗಿಲ ಹತ್ರ! ಬಂದವರಿಗೆ ಕಾಣ್ಲಿ!"

"ತಲೆ ಇದೆಯೇನೇ? ಬಾಗಿಲ ಗಾಳಿಗೆ ಉರಿ ನಿಲ್ಲುತ್ತಾ? ಹಿಂದಿನ ಗೋಡೆಗಿಡು, ಕಿಟಕಿ ಕೆಳಗೆ!"

ಅವಳು ಫೋನನ್ನು ಕಿವಿಗೆ ಒತ್ತಿದಳು. "ಮಾಮ, ಆ ಢಂಢಂನ ಮುಖ ಒರೆಸಿ ಕಳಿಸಿಬಿಡಿ. ಬೀಗದ ಕೈ ನಮಗೆ."

"ಹೌದು ಅಂದ್ನಾ?"

"ಜಗಳ ಶುರು ಮಾಡಿದಾರೆ ಮಾಮ."

ಲಾರಿಯೊಂದು ಮಧ್ಯೆ ಬಂತು. ಅದರ ಆಚೆಯಿಂದ ಸೌಟಿನ ದನಿ ಇನ್ನೂ ಕೇಳುತ್ತಿತ್ತು. ನಲ್ಲಿ ಎಡಕ್ಕೋ ಬಲಕ್ಕೋ, ಬಲಕ್ಕಾದರೆ ತೊಳೆಯುವ ಕಲ್ಲು ಅಲ್ಲೇ ಹಾಕಿಸು, ಮೇಜು ಅಗಲ ಬೇಡ, ಬಡಿಸುವವನು ಓಡಾಡಬೇಕು, ತಲೆಯ ಮೇಲೆ ಗೂಡು ಬೇಡ, ನಾನು ಎತ್ತರ ಇದೀನಿ, ಹಣೆ ಬಡಿಯುತ್ತೆ. ಟೈಲರಮ್ಮ ಬೇಲಿಗೆ ಕೈ ಹಚ್ಚಿ, ಕತ್ತು ಚಾಚಿ, ಅವನು ಹೇಳಿದ್ದಕ್ಕೆಲ್ಲ ಇಲ್ಲ ಇಲ್ಲ ಅನ್ನುತ್ತಿದ್ದಳು.